ಎಡಗಾಲಿನ ಬ್ರೇಕು

ಚೆನ್ನಾಗಿ ಓಡುವ ಹೊಸ ಬೈಕನ್ನು ಉರಿಬಿಸಿಲಲ್ಲಿ ಯಾರಾದರೂ ತಳ್ಳಿಕೊಂಡು ಬರುತ್ತಾರಾ? ಚೆಲುವರಾಜು ಬಂದ.

ದಾರಿಯುದ್ದಕ್ಕೂ ಜನ ಕೇಳುತ್ತಲೇ ಇದ್ದರು. "ಪೆಟ್ರೋಲ್ ಮುಗೀತಾ?" "ಪಂಚರ್ ಆಯ್ತಾ?" ಅವನು ಕಪಿಲಾ ಹೊಳೆಯ ದಡದಲ್ಲಿರುವ ಆಶ್ರಮದವರೆಗೂ ತಳ್ಳಿದ. ಅಂಗಳದ ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸಿ, ಮುಖ ಒರೆಸಿಕೊಂಡು ನಿಂತ.

ಒಳಗಿನಿಂದ ಮುಪ್ಪಿನಸ್ವಾಮಿಗಳು ಬಂದರು. ಸುತ್ತಲಿನ ಊರಿನವರಿಗೆಲ್ಲ ಅವರು 'ಬುದ್ಧಿ'. ಚೆಲುವರಾಜು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಅವರ ಶಿಷ್ಯ. ಈಗ ಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ, ಆದರೂ ಮನಸ್ಸಿಗೆ ಏನಾದರೂ ಆದರೆ ಕಾಲು ಇಲ್ಲಿಗೇ ಎಳೆಯುತ್ತದೆ.

ಅವನ ತಂದೆ ನಾಗಮಲ್ಲಪ್ಪ ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿದ್ದವರು. ಹೋದ ತಿಂಗಳು ಇದೇ ಗಾಡಿಯಲ್ಲಿ ಹೋಗಿ, ನಾಲೆಗೆ ಬಿದ್ದು ತೀರಿಕೊಂಡಿದ್ದರು.

ಬುದ್ಧಿಯವರು ಗಾಡಿಯನ್ನೂ ನೋಡಿದರು, ಶಿಷ್ಯನನ್ನೂ ನೋಡಿದರು.

"ಯಾಕಪ್ಪ ತಳ್ಕೊಂಡು ಬಂದೆ?"

"ಹತ್ತೋಕೆ ಆಗಲ್ಲ ಬುದ್ಧಿ."

"ಮತ್ತೆ ಮನೇಲೇ ಬಿಟ್ಟು ಬರಬಾರದಿತ್ತಾ?"

"ನಿಮ್ಮ ಹತ್ರ ಒಂದು ಮಾತು ಕೇಳಬೇಕಿತ್ತು. ಗಾಡಿ ಎದುರಿಗೇ ಕೇಳಬೇಕಿತ್ತು."

"ಕೇಳು."

"ಈ ಹಳೇ ಮಾದರಿ ಅಂತ ಹೊಸ ಗಾಡಿ ಬಿಡ್ತಾರಲ್ಲ ಬುದ್ಧಿ, ಇದು ನಿಜವಾಗ್ಲೂ ಸುಧಾರಣೆನಾ, ಇಲ್ಲಾ ಬರೀ ವ್ಯಾಪಾರದ ನಾಟಕಾನಾ?"

ಬುದ್ಧಿಯವರು ಜಗಲಿಯ ಮೇಲೆ ಕೂತರು. "ನಾಟಕ ಅಂದ್ರೆ ಏನು ಮಾಡ್ತೀಯ?"

"ಈಗಲೇ ಹೊಳೆಗೆ ತಳ್ಳಿ ಹೋಗ್ತೀನಿ."

"ಸುಧಾರಣೆ ಅಂದ್ರೆ?"

ಚೆಲುವರಾಜು ಟ್ಯಾಂಕಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸತೊಡಗಿದ.

"ಅದಿರಲಿ," ಅಂದರು ಬುದ್ಧಿಯವರು. "ನಿಮ್ಮವ್ವ ದಾಕ್ಷಾಯಿಣಿ ಹೇಗಿದ್ದಾಳೆ? ಊಟ ಮಾಡ್ತಾಳಾ?"

"ಎರಡು ತುತ್ತು ತಿಂದ್ರೆ ಹೆಚ್ಚು. ಒಂದೇ ಮಾತು ಹಿಡಿದುಬಿಟ್ಟಿದ್ದಾಳೆ ಬುದ್ಧಿ. 'ಅವರು ಬೇಕು ಅಂತಲೇ ಹೋದ್ರು ಕಣೋ, ನನ್ನ ಬಿಟ್ಟು ಹೋಗೋ ಮನಸ್ಸು ಮಾಡಿದ್ರು' ಅಂತಾಳೆ."

"ಯಾಕೆ ಹಾಗಂತಾಳೆ?"

"ನಾಲೆ ಹತ್ರ ಕುರಿ ಮೇಯಿಸ್ತಿದ್ದೋನು ನೋಡಿದ್ದಾನೆ. ಮೇಷ್ಟ್ರು ಇಳಿಜಾರಲ್ಲಿ ಒಂಚೂರೂ ನಿಧಾನ ಮಾಡ್ಲಿಲ್ಲ, ತಿರುವಿನಲ್ಲಿ ತಿರುಗಲಿಲ್ಲ, ನೆಟ್ಟಗೆ ಹೋದ್ರು ಅಂದ. ಪೊಲೀಸಿನವರೂ ನೋಡಿದ್ರು. ರಸ್ತೆ ಮೇಲೆ ಬ್ರೇಕ್ ಹಾಕಿದ ಗುರುತೇ ಇಲ್ಲ ಅಂದ್ರು. ಅದನ್ನ ಅವ್ವ ಕೇಳಿಸ್ಕೊಂಡ್ಳು."

"ಹೂಂ."

"ಬೆಳಗ್ಗೆ ಹೊರಡೋವಾಗ 'ಬಾಗಿಲು ಹಾಕ್ಕೋ' ಅಂದಿದ್ರಂತೆ. ಯಾವತ್ತೂ ಹಾಗೆ ಹೇಳ್ತಿರಲಿಲ್ವಂತೆ. ಅದನ್ನೇ ನೆನೆಸ್ಕೊಂಡು ಕೂತಿರ್ತಾಳೆ. ನನ್ನಿಂದ ಏನು ತಪ್ಪಾಯ್ತು, ಏನು ಕಡಿಮೆ ಮಾಡಿದೆ ಅಂತ ಗೋಡೇನ ಕೇಳ್ತಾಳೆ."

ಅಯ್ಯೋ, ಎಂಥ ಮಾತು! ಗಂಡ ಸತ್ತ ದುಃಖವನ್ನು ಹೆಂಗಸರು ಹೇಗೋ ಹೊರುತ್ತಾರೆ. ತನ್ನ ಜೊತೆ ಬಾಳೋದು ಬೇಡ ಅಂತ ಸತ್ತ ಅನ್ನುವುದನ್ನು ಯಾವ ಹೆಂಡತಿ ಹೊರುತ್ತಾಳೆ?

ಬುದ್ಧಿಯವರು ಎದ್ದು ಗಾಡಿಯ ಹತ್ತಿರ ಬಂದರು.

ಈಗಿನ ಕಂಪನಿಯವರಿಗೆ ಇದೊಂದು ಹುಚ್ಚು ಹಿಡಿದಿದೆ. ಗಾಡಿ ಈಗಿನದು, ವೇಷ ಅಜ್ಜನ ಕಾಲದ್ದು. ದುಂಡನೆಯ ದೀಪ, ಹಸಿರು ಟ್ಯಾಂಕಿನ ಮೇಲೆ ಕೈಯಲ್ಲಿ ಎಳೆದಂಥ ಬಂಗಾರದ ಗೆರೆ, ಕಂದು ಸೀಟು, ಎರಡು ಪಕ್ಕಕ್ಕೂ ಡಬ್ಬಿ. ನಾಲೆಯ ನೀರು ತೆಗೆಸಿ ಇಂಜಿನ್ ಸರಿಮಾಡಿಸಿದ್ದರೂ ದೀಪದ ಗಾಜು ಒಡೆದೇ ಇತ್ತು. ಹ್ಯಾಂಡಲ್ಲು ಒಂದು ಕಡೆ ಸೊಟ್ಟಗಾಗಿತ್ತು.

"ಥೇಟ್ ನಿಮ್ಮಪ್ಪನ ಹಳೇ ಗಾಡಿನೇ," ಅಂದರು ಬುದ್ಧಿಯವರು. "ಎಷ್ಟು ಸಲ ನನ್ನನ್ನ ಹಿಂದೆ ಕೂರಿಸ್ಕೊಂಡು ಹೋಗಿದ್ದಾನೆ. ಕಿಕ್ಕರ್ ಎಲ್ಲಿ?"

"ಇಲ್ಲ ಬುದ್ಧಿ. ಗುಂಡಿ ಒತ್ತಿದ್ರೆ ಸಾಕು."

"ಅದು ಒಳ್ಳೇದಾಯ್ತು. ಹಳೇದು ಒದೀತಿತ್ತು. ನಿಮ್ಮಪ್ಪ ಮಳೆಗಾಲದಲ್ಲಿ ಅದನ್ನ ತುಳಿದೂ ತುಳಿದೂ ಬಾಯಿಗೆ ಬಂದಂಗೆ ಬೈತಿದ್ದ. ಎಣ್ಣೆ ಸೋರುತ್ತಾ?"

"ಒಂದು ತೊಟ್ಟೂ ಸೋರಲ್ಲ."

"ಹಳೇದು ನಿಂತ ಕಡೆ ಎಲ್ಲಾ ನೆಲಕ್ಕೆ ಕುಂಕುಮ ಇಟ್ಟಂಗೆ ಇಡ್ತಿತ್ತು. ಬ್ರೇಕು?"

ಚೆಲುವರಾಜು ತಲೆ ತಗ್ಗಿಸಿದ. "ತುಂಬಾ ಚೆನ್ನಾಗಿದೆ ಬುದ್ಧಿ. ಹಾಕಿದ ಜಾಗದಲ್ಲೇ ನಿಲ್ಲುತ್ತೆ. ಮಳೇಲೂ ಜಾರಲ್ಲ."

"ಹಾಗಾದ್ರೆ ಹಳೇದಕ್ಕಿಂತ ವಾಸಿ."

"ವಾಸಿ ಬುದ್ಧಿ. ಸುಳ್ಳು ಹೇಳಬಾರದು. ಎಲ್ಲಾದ್ರಲ್ಲೂ ವಾಸಿ."

"ಮತ್ತೆ ನಾಟಕ ಯಾವುದು?"

"ವೇಷ! ಅಷ್ಟು ವಾಸಿಯಾದ ಗಾಡಿಗೆ ಈ ವೇಷ ಯಾಕೆ? ಜನ ನೋಡಿ ಮರುಳಾಗಲಿ ಅಂತ ತಾನೆ? ಶೋರೂಮಿನೋನು ಏನಂದ ಗೊತ್ತಾ? 'ನಿಮ್ಮ ತಂದೆಯವರ ಯೌವನ ವಾಪಸ್ ಕೊಡ್ತೀವಿ ಸಾರ್' ಅಂದ. ಅವನ ಬಾಯಿಗೆ ಮಣ್ಣು ಹಾಕ!"

"ಅವನು ಹೇಳಿದ. ನೀನು ಯಾಕೆ ಕೊಂಡೆ?"

ಚೆಲುವರಾಜು ಒಡೆದ ದೀಪದ ಅಂಚಿನ ಮೇಲೆ ಬೆರಳಾಡಿಸಿದ.

"ಅಪ್ಪನ ಹಳೇ ಗಾಡೀನ ನಾನು ಮಾರಿಬಿಟ್ಟಿದ್ದೆ ಬುದ್ಧಿ. ಅವರು ಕಣ್ಣಿನ ಆಪರೇಷನ್‌ಗೆ ಮೈಸೂರಿಗೆ ಹೋಗಿದ್ರು. ಹಳೇ ಗಾಡಿ ಇಟ್ಟುಕೊಳ್ಳೋ ಶೋಕಿಯವನೊಬ್ಬ ಬಂದ, ಕೇಳಿದ, ಕೊಟ್ಟುಬಿಟ್ಟೆ. ಇನ್ನು ಕಣ್ಣು ಸರಿ ಇಲ್ಲ, ಕಿಕ್ಕರ್ ತುಳಿಯೋ ಶಕ್ತಿ ಇಲ್ಲ, ಅವರಿಗೂ ಒಳ್ಳೇದು ಅಂದ್ಕೊಂಡೆ."

"ನಿಮ್ಮಪ್ಪ ಬಂದು ಏನಂದ?"

"ಏನೂ ಅನ್ನಲಿಲ್ಲ. ಖಾಲಿ ಕೊಟ್ಟಿಗೆ ನೋಡಿದ್ರು. ಕೈಕಾಲು ತೊಳ್ಕೊಂಡು ಊಟಕ್ಕೆ ಕೂತ್ರು. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಅವತ್ತಿಂದ ಮಾತು ಕಡಿಮೆ ಆಯ್ತು. ನನಗೆ ತಡೆಯೋಕಾಗ್ಲಿಲ್ಲ. ಇದು ಬಂದಿದೆ ಅಂತ ಗೊತ್ತಾದ ತಕ್ಷಣ ತಂದು ಅಂಗಳದಲ್ಲಿ ನಿಲ್ಲಿಸಿದೆ."

"ಆಗ?"

"ನಕ್ಕುಬಿಟ್ರು ಬುದ್ಧಿ." ಚೆಲುವರಾಜುವಿನ ಕಣ್ಣು ತುಂಬಿತು. "ಅಷ್ಟು ದಿನ ಆದ್ಮೇಲೆ ನಕ್ರು. ಟ್ಯಾಂಕಿನ ಮೇಲೆ ಕೈಯಾಡಿಸಿದ್ರು. ಅವ್ವನ್ನ ಕರೆದು ತೋರಿಸಿದ್ರು. ಆಮೇಲೆ ಬಗ್ಗಿ ನೋಡಿ, 'ಇದೇನೋ, ಗೇರು ಎಡಗಡೆ ಬಂದುಬಿಟ್ಟಿದೆ?' ಅಂದ್ರು."

"ನೀನೇನಂದೆ?"

"ಅವರ ನಗು ಹೋಗಿಬಿಡುತ್ತೇನೋ ಅನ್ನಿಸ್ತು. 'ಅದೊಂದು ಬಿಟ್ರೆ ಏನೂ ಬದಲಾಗಿಲ್ಲ ಅಪ್ಪ, ಎಲ್ಲಾ ನಿಮ್ಮ ಹಳೇ ಗಾಡಿನೇ' ಅಂದೆ."

"ಅದೊಂದೇ ಬದಲಾಗಿತ್ತಾ?"

"ಇಲ್ಲ ಬುದ್ಧಿ. ಹಳೇದ್ರಲ್ಲಿ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಇದರಲ್ಲಿ ಅದಲು ಬದಲು. ಈಗ ಎಲ್ಲಾ ಗಾಡೀಲೂ ಹೀಗೇ ಇರೋದು."

"ಗಾಡಿ ಮಾಡಿದವರು ಅದನ್ನ ಮುಚ್ಚಿಟ್ಟಿದ್ರಾ?"

"ಇಲ್ಲ. ಪೆಡಲ್ಲು ಕಣ್ಣಿಗೆ ಕಾಣೋ ಹಾಗೇ ಇದೆ."

"ಹಾಗಾದ್ರೆ ಏನೂ ಬದಲಾಗಿಲ್ಲ ಅಂದೋನು ಯಾರು?"

ಚೆಲುವರಾಜು ಮರಕ್ಕೆ ಒರಗಿ ಕುಸಿದು ಕೂತ. "ನಾನು ಬುದ್ಧಿ. ನಾನೇ."

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

"ಇನ್ನೇನೋ ಹೊಟ್ಟೆಯಲ್ಲಿ ಇಟ್ಕೊಂಡಿದ್ದೀಯ," ಅಂದರು ಬುದ್ಧಿಯವರು. "ಅದನ್ನೂ ಹೇಳಿಬಿಡು."

"ನಾಲೆಯಿಂದ ಗಾಡಿ ಎತ್ತಿದವರಲ್ಲಿ ನಾನೂ ಇದ್ದೆ. ದಡಕ್ಕೆ ತಂದು ತಳ್ಳೋಕೆ ಹೋದ್ರೆ ಚಕ್ರ ಉರುಳಲಿಲ್ಲ. ನೋಡಿದ್ರೆ ಫಸ್ಟ್ ಗೇರಿನಲ್ಲಿತ್ತು. ಆ ಇಳಿಜಾರಲ್ಲಿ ಯಾರಾದ್ರೂ ಫಸ್ಟ್ ಗೇರಲ್ಲಿ ಬರ್ತಾರಾ ಬುದ್ಧಿ? ಟಾಪ್ ಗೇರಲ್ಲೇ ಬಂದಿರ್ತಾರೆ. ಬ್ರೇಕು ಅಂತ ಎಡಗಾಲಲ್ಲಿ ತುಳಿದಿದ್ದಾರೆ. ನಿಲ್ಲಲಿಲ್ಲ. ಮತ್ತೆ ತುಳಿದಿದ್ದಾರೆ. ಕ್ಲಚ್ ಹಿಡಿದಿದ್ದಾರೆ, ತುಳಿದಿದ್ದಾರೆ, ತುಳಿದಿದ್ದಾರೆ. ತುಳಿದಷ್ಟೂ ಗೇರು ಇಳೀತು, ಕ್ಲಚ್ ಹಿಡಿದಿದ್ದಕ್ಕೆ ಇಂಜಿನ್ನೂ ತಡೀಲಿಲ್ಲ, ಗಾಡಿ ಹಾಗೇ ಜಾರ್ಕೊಂಡು ಹೋಯ್ತು."

"ಕೈಬ್ರೇಕು?"

"ಹಳೇದ್ರಲ್ಲಿ ಅದು ಹೆಸರಿಗೆ ಮಾತ್ರ ಬುದ್ಧಿ. ಅಪ್ಪ ಯಾವತ್ತೂ ಅದನ್ನ ನಂಬಿದವರಲ್ಲ."

"ಇದನ್ನ ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ. ಯಾರೂ ನೋಡದ ಹಾಗೆ ನ್ಯೂಟ್ರಲ್ ಮಾಡಿಬಿಟ್ಟೆ."

"ಯಾಕೆ?"

"ಕೇಳಿದ್ರೆ ಏನಂತ ಹೇಳ್ಲಿ? ನನ್ನ ಮಾತು ನಂಬಿ ಹೋದ್ರು ಅಂತ ಹೇಳ್ಲಾ?"

ಬುದ್ಧಿಯವರು ಬೈಯಲಿಲ್ಲ. ಬೈಯಬೇಕಾಗಿತ್ತು ಅಂತ ನನಗೆ ಅನ್ನಿಸುತ್ತದೆ. ಆದರೆ ಅವರು ಗುರುಗಳು, ನಾನಲ್ಲ.

"ಒಂದು ಮಾತ್ರ ತಿಳೀತಿಲ್ಲ ಬುದ್ಧಿ," ಅಂದ ಚೆಲುವರಾಜು. "ಬ್ರೇಕು ಬಲಗಡೆ ಅಂತ ಅಪ್ಪ ತಾವೇ ಕಂಡ್ಕೊಂಡಿದ್ರು. ವಾರವೆಲ್ಲ ಓಡಿಸಿದ್ರು. ಪೇಟೆಗೂ ಬಂದು ಹೋದ್ರು. ಅವ್ವ ಅದನ್ನೂ ಹೇಳ್ತಾಳೆ, ಅಷ್ಟು ಚೆನ್ನಾಗಿ ಓಡಿಸ್ತಿದ್ದೋರು ಆವತ್ತು ಯಾಕೆ ನಿಲ್ಲಿಸ್ಲಿಲ್ಲ ಅಂತ. ಗೊತ್ತಿದ್ದೂ ಗೊತ್ತಿದ್ದೂ ಹೇಗೆ ಮರೆತ್ರು?"

ಬುದ್ಧಿಯವರು ತಟ್ಟನೆ ಒಳಗೆ ಕೈ ತೋರಿಸಿದರು. "ಅಯ್ಯೋ! ಒಲೆ ಮೇಲೆ ಹಾಲು ಇಟ್ಟಿದ್ದೆ, ಉಕ್ಕಿಹೋಗುತ್ತೆ, ಓಡು ಓಡು!"

ಚೆಲುವರಾಜು ಕಣ್ಣೊರೆಸಿಕೊಳ್ಳುತ್ತಲೇ ಓಡಿದ. ಬಾಗಿಲಲ್ಲಿ ತಲೆ ಬಗ್ಗಿಸಿ ನುಗ್ಗಿದ. ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು. ಹಾಲೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ.

ವಾಪಸ್ ಬಂದ. "ಹಾಲೇ ಇಲ್ವಲ್ಲ ಬುದ್ಧಿ?"

"ಇಲ್ಲ. ಬಾಗಿಲಲ್ಲಿ ಯಾಕೆ ಬಗ್ಗಿದೆ?"

"ಎಲ್ಲಿ ಬಗ್ಗಿದೆ?"

"ತಿರುಗಿ ನೋಡು."

ಅವನು ತಿರುಗಿ ನೋಡಿದ. ಆಶ್ರಮದ ಬಾಗಿಲು ಮೊದಲು ಗಿಡ್ಡವಾಗಿತ್ತು. ಪಾಠಕ್ಕೆ ಬರುತ್ತಿದ್ದ ಕಾಲದಲ್ಲಿ ಮೇಲಿನ ಪಟ್ಟಿಗೆ ಹಣೆ ಬಡಿಸಿಕೊಂಡು ಬಡಿಸಿಕೊಂಡು ಬಗ್ಗುವುದನ್ನು ಕಲಿತಿದ್ದ. ಹೋದ ವರ್ಷ ಅದನ್ನು ಕಿತ್ತು, ಎತ್ತರದ ಬಾಗಿಲು ಕೂರಿಸಿದ್ದರು. ಈಗ ಅವನ ತಲೆಯ ಮೇಲೆ ಒಂದು ಮೊಳ ಜಾಗ ಇತ್ತು.

"ಬಾಗಿಲು ಎತ್ತರ ಆಗಿದೆ ಅಂತ ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಬುದ್ಧಿ. ಬಡಗಿಯನ್ನ ಕರೆತಂದೋನೇ ನಾನು."

"ನಿಧಾನಕ್ಕೆ ಬಂದಾಗ ನೆಟ್ಟಗೇ ಬರ್ತೀಯ. ನಾನು ನೋಡಿದ್ದೀನಿ. ಇವತ್ತು ಯಾಕೆ ಬಗ್ಗಿದೆ?"

ಚೆಲುವರಾಜು ಬಾಗಿಲನ್ನೇ ನೋಡುತ್ತ ನಿಂತ. ತಂದೆಯ ಎಡಗಾಲು ಅವನ ಕಣ್ಣಿಗೆ ಕಟ್ಟಿತು. ಒಂದು ಜನ್ಮವೆಲ್ಲ ಗಾಡಿ ನಿಲ್ಲಿಸಿದ ಕಾಲು ಅದು. ಅವನು ಜಗಲಿಯ ಅಂಚು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ತಿಂಗಳಿನಿಂದ ಅಳದೇ ಇದ್ದವನು ಹಾಗೆ ಅತ್ತ.

ಬುದ್ಧಿಯವರು ಅಳಲು ಬಿಟ್ಟರು. ಆಮೇಲೆ ಚೊಂಬಿನಲ್ಲಿ ನೀರು ತಂದುಕೊಟ್ಟರು.

"ಮುಖ ತೊಳಿ. ಗಾಡಿ ಹತ್ತು."

"ಬುದ್ಧಿ, ಬೇಡ."

"ನಾನೂ ಬರ್ತೀನಿ. ಹಿಂದೆ ಕೂರ್ತೀನಿ. ನಿಮ್ಮನೆಗೆ ಬಿಡು."

"ಆ ಇಳಿಜಾರು ದಾಟಿ ಹೋಗಬೇಕು."

"ಗೊತ್ತು. ಹತ್ತು."

ಗುರುವಿನ ಮಾತು, ಏನು ಮಾಡುತ್ತಾನೆ? ಹತ್ತಿದ. ಗುಂಡಿ ಒತ್ತಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬುದ್ಧಿಯವರು ಕಾವಿ ಪಂಚೆ ಎತ್ತಿಕಟ್ಟಿ, ಅವನ ಭುಜ ಹಿಡಿದು ಹಿಂದೆ ಕೂತರು. ಸೊಟ್ಟ ಹ್ಯಾಂಡಲ್ಲಿನ ಗಾಡಿ ಮೆಲ್ಲಗೆ ಹೊರಟಿತು.

ಸ್ವಲ್ಪ ದೂರ ಹೋದ ಮೇಲೆ ಚೆಲುವರಾಜು ತಿರುಗದೆ ಕೇಳಿದ. "ನನ್ನ ಪ್ರಶ್ನೆಗೆ ಉತ್ತರ ಹೇಳಲೇ ಇಲ್ಲ ಬುದ್ಧಿ. ಇದು ಸುಧಾರಣೆನಾ, ನಾಟಕಾನಾ?"

"ಒಳ್ಳೇ ಗಾಡಿ ಕಣಪ್ಪ. ನಿಮ್ಮಪ್ಪನ ಗಾಡಿ ಅಲ್ಲ. ಈ ಎರಡು ಮಾತನ್ನೂ ಒಟ್ಟಿಗೆ ಹೇಳೋ ಧೈರ್ಯ ಅಂಗಡಿಯವನಿಗೂ ಇರಲಿಲ್ಲ, ನಿನಗೂ ಇರಲಿಲ್ಲ."

ಇಳಿಜಾರು ಬಂತು. ಕೆಳಗೆ ನಾಲೆ ಕಂಡಿತು.

"ಬ್ರೇಕು ಎಲ್ಲಿದೆ?" ಅಂದರು ಬುದ್ಧಿಯವರು, ಕಿವಿಯ ಹತ್ತಿರ.

"ಬಲಗಾಲಿಗೆ."

"ಇನ್ನೊಂದು ಸಲ ಹೇಳು."

"ಬಲಗಾಲಿಗೆ ಬುದ್ಧಿ."

ಗಾಡಿ ತಿರುವಿನಲ್ಲಿ ನಿಧಾನವಾಯಿತು, ತಿರುಗಿತು. ಅಷ್ಟು ಸುಲಭ. ಅದು ಅಷ್ಟು ಸುಲಭವಾಗಿದ್ದುದೇ ಚೆಲುವರಾಜುವಿಗೆ ಸಂಕಟವಾಯಿತು. ದಾರಿ ಮುಗಿಯುವವರೆಗೂ ಅವನ ಕಣ್ಣೀರು ಗಾಳಿಗೆ ಹಿಂದಕ್ಕೆ ಹರಿಯುತ್ತಿತ್ತು.

ಮನೆಯ ಬೀದಿಗೆ ಬಂದಾಗ ಗಾಡಿ ಡುಗುಡುಗು ಅಂತಿತ್ತು. ಆ ಸದ್ದನ್ನೂ ಹಳೆಯದರ ಹಾಗೆಯೇ ಮಾಡಿಟ್ಟಿದ್ದಾರಲ್ಲ, ಕಂಪನಿಯ ಪುಣ್ಯಾತ್ಮರು. ದಾಕ್ಷಾಯಿಣಮ್ಮ ಒದ್ದೆ ಕೈಯಲ್ಲೇ ಓಡಿ ಬಂದಳು. ಮುಖದಲ್ಲಿ ಬೆಳಕು ಬಂದಿತ್ತು. ಮಗನನ್ನು ನೋಡಿದ ಮೇಲೆ ಅದು ಹೋಯಿತು.

"ಯಾಕೋ ಇದನ್ನ ಮತ್ತೆ ಓಡಿಸ್ಕೊಂಡು ಬಂದೆ?" ಅಂದಳು. ಆಮೇಲೆ ಹಿಂದೆ ಕೂತಿದ್ದವರನ್ನು ಕಂಡು ಸೆರಗು ಹೊದ್ದುಕೊಂಡಳು. "ಬನ್ನಿ ಬುದ್ಧಿ, ಒಳಗೆ ಬನ್ನಿ."

"ಒಳಗೆ ಆಮೇಲೆ ಬರ್ತೀನಿ ತಾಯಿ. ನಿನ್ನ ಮಗ ಏನೋ ಹೇಳಬೇಕಂತೆ. ಹೇಳೋ."

ಚೆಲುವರಾಜು ಹೇಳಿದ. ಹಳೆಯ ಗಾಡಿಯ ಬ್ರೇಕು ಎಲ್ಲಿತ್ತು, ಇದರದ್ದು ಎಲ್ಲಿದೆ, ತಾನು ಏನು ಸುಳ್ಳು ಹೇಳಿದೆ, ದಡದಲ್ಲಿ ಗಾಡಿ ಯಾವ ಗೇರಿನಲ್ಲಿತ್ತು, ತಾನು ಏನು ಮಾಡಿದೆ. ನಡುವೆ ಎಷ್ಟೋ ಸಲ ತಡವರಿಸಿದ. ಬುದ್ಧಿಯವರು ಒಂದು ಮಾತನ್ನೂ ಎತ್ತಿಕೊಡಲಿಲ್ಲ. ಎಲ್ಲವನ್ನೂ ಅವನ ಬಾಯಿಂದಲೇ ಹೊರಡಿಸಿದರು.

ದಾಕ್ಷಾಯಿಣಮ್ಮ ಕೇಳುತ್ತ ಕೇಳುತ್ತ ಗಾಡಿಯ ಪಕ್ಕ ಕೂತಳು. ಎಡಗಡೆಯ ಪೆಡಲ್ಲನ್ನು ಬೆರಳಿನಿಂದ ಮುಟ್ಟಿದಳು.

"ಇದನ್ನಾ?"

"ಹೂಂ ಅವ್ವ."

ಅವಳು ಅಂಗೈ ಇಟ್ಟು ಒತ್ತಿದಳು. ಟಕ್ಕೆಂದಿತು. ಇನ್ನೊಮ್ಮೆ ಒತ್ತಿದಳು.

"ಹಿಂಗೆ ತುಳಿದ್ರಾ? ನಿಲ್ಲಿಸ್ಬೇಕು ಅಂತ?"

"ಹೂಂ. ಮತ್ತೆ ಮತ್ತೆ ತುಳಿದಿದ್ದಾರೆ. ನನ್ನಿಂದ್ಲೇ ಆಗಿದ್ದು ಅವ್ವ. ನನಗೆ ಏನು ಬೇಕಾದ್ರೂ ಅನ್ನು. ಹೊಡಿ."

ಅವಳು ಹೊಡೆಯಲಿಲ್ಲ. ಮಗನ ಕಡೆ ನೋಡಲೂ ಇಲ್ಲ. ಪೆಡಲ್ಲಿನ ಮೇಲಿನ ಒಣಗಿದ ಕೆಸರನ್ನು ಸೆರಗಿನ ತುದಿಯಿಂದ ಒರೆಸಿದಳು. ಒರೆಸುತ್ತ ಒರೆಸುತ್ತ ಅವಳ ಭುಜ ಅಲುಗತೊಡಗಿತು. ಊರಿನವರೆಲ್ಲ ಬಂದು ಅತ್ತಾಗಲೂ ಅವಳು ಕಲ್ಲಿನ ಹಾಗೆ ಕೂತಿದ್ದಳಂತೆ. ಈಗ ಬಾಯಿಬಿಟ್ಟು, ಗಂಡನನ್ನು ಕರೆದು ಕರೆದು ಅತ್ತಳು.

ಚೆಲುವರಾಜು ಹತ್ತಿರ ಹೋಗಲು ಹೆದರಿ ದೂರವೇ ನಿಂತಿದ್ದ. ಅವಳೇ ಕೈ ಚಾಚಿ ಅವನ ಪಂಚೆಯ ಅಂಚು ಹಿಡಿದು ಎಳೆದಳು. ಅವನು ಪಕ್ಕದಲ್ಲಿ ಕುಸಿದ. ತಾಯಿ ಮಗ ಇಬ್ಬರೂ ಆ ಗಾಡಿಗೆ ಒರಗಿ ಅತ್ತರು.

ಕೊನೆಗೆ ಅವಳು ತಲೆ ಎತ್ತಿದಳು.

"ಬುದ್ಧಿ, ನೀವೊಂದು ಮಾತು ಹೇಳಿ. ಇವನು ನನ್ನ ಸಮಾಧಾನಕ್ಕೆ ಹೇಳ್ತಿದ್ದಾನೋ ಏನೋ. ಅವರು ನನ್ನ ಬಿಟ್ಟು ಹೋಗಬೇಕು ಅಂತ ಹೋಗಲಿಲ್ಲ ತಾನೆ?"

ಮುಪ್ಪಿನಸ್ವಾಮಿಗಳು ಅವಳ ಎದುರಿಗೆ ನೆಲದ ಮೇಲೆಯೇ ಕೂತರು.

"ಬಿಟ್ಟು ಹೋಗೋನಿಗೆ ಬ್ರೇಕು ಯಾಕೆ ತಾಯಿ ಬೇಕು? ಅವನು ಕಡೇ ತನಕ ಅದನ್ನೇ ಹುಡುಕ್ತಿದ್ದ."